ಮ್ಯಾಚಿಂಗ್ ಸೆಂಟರ್

ಡಾಕ್ಟರು ಪುಸ್ತಕ ತೆರೆದರು.
ಪುಟದ ತುಂಬ ಚುಕ್ಕಿ, ದುಂಡಗ,
ಅಂಗೈಯಾಗ ಬಡಿದ ಸಣ್ಣ ರೊಟ್ಟಿಯಷ್ಟು ಅಗಲ.
ನನಗ ಎಪ್ಪತ್ನಾಲ್ಕು ಕಂಡಿತು,
ಹಲಗಿ ಮ್ಯಾಲೆ ಸುಣ್ಣದಿಂದ ಬರದಂಗ.
ಅಂಬರಾಯ ಅಂದ: ಇಪ್ಪತ್ತೊಂದು.

ನಾ ಅವನ ಕುರ್ಚಿ ಹಿಂದ ನಿಂತಿದ್ದೆ.
ಬೆನ್ನ ಮ್ಯಾಲೆ ಬೆರಳಿಂದ ಬರದು ಹೇಳಬಹುದಿತ್ತು,
ಸಣ್ಣಾಂವ ಇದ್ದಾಗ ಮಗ್ಗಿ ಕಲಿಸಿದಂಗ.
ಕೈ ಎತ್ತಿದೆ.
ಸೆರಗು ಸರಿ ಮಾಡಿಕೊಂಡೆ.

ಗಾಜಿಪುರದ ಓಣ್ಯಾಗ ಇಪ್ಪತ್ತು ವರ್ಷ
ಮಶೀನ್ ತುಳದೀನಿ.
ಜಂಪರ್ ಬಟ್ಟಿಯ ಚೂರು ಇವನ ಕೈಯಾಗ ಕೊಟ್ಟು
'ಇದಕ್ಕ ಒಪ್ಪೋ ದಾರ ತಾ' ಅಂತ ಕಳಸಿದ್ರ
ಮೆಹಂದಿ ಹಸಿರಿಗಿ ಇಟ್ಟಂಗಿ ಬಣ್ಣದ್ದು ತರತಿದ್ದ.
ಪರತ್ ಕೊಡಲಿಕ್ಕ ಹೋದ್ರ
ಮ್ಯಾಚಿಂಗ್ ಸೆಂಟರಿನ ಖಲೀಲ್ ಸೇಠ್ ನಗತಿದ್ರು.
ಒಮ್ಮೆ ಯಾರದೋ ಮದುವಿ ಜಂಪರು,
ಒಂದೇ ತಾಸು ಉಳಿದಿತ್ತು,
ಕಪಾಳಕ್ಕ ಹೊಡದೆ.
'ಲಕ್ಷ್ಯ ಎಲ್ಲದ ನಿಂದು?'
ಲಕ್ಷ್ಯ ಮ್ಯಾಲಿತ್ತು ಅವಂದು.
ಸರಡಗಿ ಕಡಿಯಿಂದ ಎದ್ದ ಸಣ್ಣ ವಿಮಾನ,
ಕಲಿಯೋರದು,
ಊರ ಮ್ಯಾಲೆ ಅದೇ ಸುತ್ತು, ಮತ್ತ ಅದೇ ಸುತ್ತು.

ಅಂಬರ ಅಂದ್ರ ಬಟ್ಟಿ, ಅಂಬರ ಅಂದ್ರ ಆಕಾಶ
ಅಂತ ಸಾಲ್ಯಾಗ ಕನ್ನಡ ಮಾಸ್ತರು ಹೇಳಿದ್ರಂತ.
ನಾ ಒಂದು ಹಿಡಕೊಂಡೀನಿ,
ಅವ ಇನ್ನೊಂದು.

'ಇಳಿಯೋ ಹೊತ್ತಿನ್ಯಾಗ ರನ್‌ವೇ ಬಾಜೂಕ
ನಾಲ್ಕು ದೀಪ ಇರತಾವಮ್ಮ.
ಎರಡು ಬಿಳಿ ಎರಡು ಕೆಂಪು ಕಂಡ್ರ ಬರೋಬ್ಬರಿ,
ನಾಲ್ಕೂ ಕೆಂಪಾದ್ರ ನೆಲ ಭಾಳ ಸಮೀಪ.'
'ನನ್ನ ಮಗ ಎಣಿಸತಾನ್ರಿ' ಅಂದೆ.
ಡಾಕ್ಟರು ಪೆನ್ನಿನ ಟೋಪಿ ತೆಗೆದು, ಹಾಕಿ,
'ಎಣಿಕಿ ಅಲ್ಲಮ್ಮ' ಅಂದ್ರು.

ತವರಾಗ ಯಾರಿಗಾದ್ರು ಹಿಂಗ ಇತ್ತೇನು?
ನಮ್ಮಪ್ಪ ನಿಶ್ಚಯಕ್ಕ ಕೆಂಪು ಸೀರಿ ಅಂತ
ಶಾಬಾದ್ ಪ್ಯಾಟಿಯಿಂದ ಬೆಲ್ಲದ ಬಣ್ಣದ್ದು ತಂದಿದ್ದ.
ಅವ್ವ ನಲವತ್ತು ವರ್ಷ ಅದನ್ನ ಹೇಳಿ ನಗಿಸಿದಳು.
ಅವನ ಮಣ್ಣಿನ ದಿನಾನೂ
ಯಾರೋ ನೆನಿಸಿ, ಬಾಯಿಗಿ ಟವೆಲ್ ಇಟ್ಟು ನಕ್ಕರು.
ಆ ಚಾಷ್ಟಿ ಈಗ ಕಾಗದದ ಮ್ಯಾಲೆ ಬಂತು:
ಅಪ್ಪನಿಂದ ಒಂದು ಗೀಟು ನನ್ನ ಕಡಿಗಿ,
ನನ್ನಿಂದ ಒಂದು ಗೀಟು ಇವನ ಕಡಿಗಿ.
ನನಗ ಎಲ್ಲಾ ಬಣ್ಣ ಕಾಣತಾವಂತ,
ಆದ್ರ ಕೊಟ್ಟಾಕಿ ನಾನೇ ಅಂತ.

ಸೂಜಿಗಣ್ಣಿಗಿ ಏನು ಗೊತ್ತು
ಹಾದು ಹೋದ ದಾರದ ಬಣ್ಣ.

ಆಮ್ಯಾಲೆ ಒಂದು ಪುಟ ಬಂತು.
ನನಗ ಬರೀ ಚುಕ್ಕಿ,
ಮರದಿಂದ ಚೆಲ್ಲಿದ ಬ್ಯಾಳಿ, ಮತ್ತೇನಿಲ್ಲ.
'ನಲವತ್ತೈದು' ಅಂದ ಅಂಬರಾಯ,
ತಡವರಿಸಲಿಲ್ಲ.
ಡಾಕ್ಟರು ತಲಿ ಹಾಕಿದ್ರು:
ಇದು ಇವನಂಥ ಕಣ್ಣಿಗಿ ಮಾತ್ರ ಕಾಣೋದು.
'ಇನ್ನೊಮ್ಮೆ ತೋರಸ್ರಿ' ಅಂದೆ ನಾ.
ಬಗ್ಗಿ ನೋಡಿದೆ. ಕಣ್ಣು ಸಣ್ಣ ಮಾಡಿ ನೋಡಿದೆ.
ಚಸ್ಮಾ ತೆಗೆದು ನೋಡಿದೆ.

ಫಾರ್ಮಿನ್ಯಾಗ 'ಅನರ್ಹ' ಅಂತ ಪೆನ್ನಿಂದ.
ಬದೀಗಿ ಪೆನ್ಸಿಲಿಂದ: ಕತ್ತಲ ಖೋಲಿ, ಲಾಂದ್ರದ ಪರೀಕ್ಷಿ,
ಹೈದರಾಬಾದ್, ಬೇಕಿದ್ರ.
ಪೆನ್ಸಿಲಿನದು ಉಜ್ಜಿದ್ರ ಹೋಗತದ.
ಘಡಿ ಮಾಡಿ ಜಂಪರಿನ್ಯಾಗ ಇಟ್ಟುಕೊಂಡೆ.

ಸ್ಕೂಟಿ ನಾನೇ ಹೊಡದೆ. ಅವ ಹಿಂದ.
ಜಗತ್ ಸರ್ಕಲ್ಲಿನ್ಯಾಗ
'ಮ್ಯಾಲಿಂದು ಹತ್ತ್ಯದ, ನಿಂದ್ರು' ಅಂದ.
ಎಷ್ಟು ವರ್ಷದಿಂದ
ಮ್ಯಾಲಿಂದು, ತಳಗಿಂದು ಅಂತಾನೇ ಅನ್ನತಿದ್ದ,
ನಾ ಕೇಳಿಸಿಕೊಂಡೇ ಇರಲಿಲ್ಲ.

'ಅಂದು ಹೊಡದೆನಲ್ಲೋ' ಅಂದೆ, ಹೆಲ್ಮೆಟ್ಟಿನೊಳಗ.
'ಏನು?'
'ಏನಿಲ್ಲ. ಆ ನಲವತ್ತೈದು ಹೆಂಗಿತ್ತು?'

ಬೆನ್ನ ಮ್ಯಾಲೆ ಬೆರಳು ಬಂತು.
ನಾಲ್ಕು ಗೊತ್ತಾಯಿತು.
ಐದು ಅರ್ಧಕ್ಕ ಬಂದಾಗ ಹಿಂದಿನವರು ಹಾರ್ನ್ ಹೊಡದರು.
'ತಳಗಿಂದು ಹತ್ತ್ಯದವ್ವ,
ನಡಿ.'